ಅರಳುಮರಳು ಎಂದು ಕೈತೊಳೆದುಕೊಳ್ಳುವ ಮುನ್ನ

ನವೆಂಬರ್ ಬಂತೆಂದರೆ ಬ್ಯಾಂಕಿನಲ್ಲಿ ಪಿಂಚಣಿದಾರರ ಸಾಲು. ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ರುಜುವಾತು ಮಾಡುವ ಜೀವನ ಪ್ರಮಾಣ ಪತ್ರವನ್ನು ಅವರು ಕೊಡಬೇಕು. ಈಗ ಮೊಬೈಲಿಗೆ ಮುಖ ತೋರಿಸಿದರೂ ಆ ಕೆಲಸ ಮುಗಿಯುತ್ತದೆ. ಎಂಬತ್ತು ದಾಟಿದವರಿಗೆ ಅಕ್ಟೋಬರಿನಿಂದಲೇ ಅವಕಾಶವಿದೆ. ಆದರೂ ನಮ್ಮ ಕಡೆಯ ಹಿರಿಯರಿಗೆ ಶಾಖೆಗೆ ಬಂದು, ಬೆಂಚಿನ ಮೇಲೆ ಕುಳಿತು, ಪರಿಚಯದವರ ಕ್ಷೇಮ ವಿಚಾರಿಸಿ, ಕಾಗದದ ಮೇಲೆ ಸಹಿ ಹಾಕಿದರೇ ಸಮಾಧಾನ. ಮಲೆನಾಡಿನ ಸಣ್ಣ ಪಟ್ಟಣವೊಂದರ ಶಾಖೆಯಲ್ಲಿ ಬಹುಕಾಲ ಪಿಂಚಣಿ ಕೌಂಟರ್ ನೋಡಿಕೊಂಡವನು ನಾನು. ಬಡ್ಡಿ ದರ, ಬಾಕಿ ಭತ್ಯೆಗಳ ಲೆಕ್ಕಕ್ಕಿಂತ ಹೆಚ್ಚಾಗಿ ಅಲ್ಲಿ ನಾನು ನೋಡಿದ್ದು ಮರೆವಿನ ಬಗೆಗಳನ್ನು.

ಆ ತಿಂಗಳು ಕಿವಿಗೆ ಮತ್ತೆ ಮತ್ತೆ ಬೀಳುವ ಮಾತೊಂದಿದೆ. ಜೊತೆಗೆ ಬಂದ ಮಗನೋ ಸೊಸೆಯೋ ಗಾಜಿನ ಕಿಂಡಿಯತ್ತ ಬಗ್ಗಿ, ದನಿ ತಗ್ಗಿಸುವ ಗೋಜಿಗೂ ಹೋಗದೆ, "ಅಪ್ಪನಿಗೆ ಈಗೀಗ ಅರಳುಮರಳು ಸಾರ್, ಏನಿದ್ದರೂ ನಮ್ಮನ್ನೇ ಕೇಳಿ" ಎನ್ನುತ್ತಾರೆ. ಅಪ್ಪ ಪಕ್ಕದಲ್ಲೇ ಇರುತ್ತಾರೆ. ಕೆಲವರು ನಕ್ಕು ಸುಮ್ಮನಾಗುತ್ತಾರೆ, ಕೆಲವರ ಮುಖ ಸಣ್ಣದಾಗುತ್ತದೆ. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಾವು ಎಷ್ಟು ಸಲೀಸಾಗಿ ಒಪ್ಪಿಕೊಂಡಿದ್ದೇವೆಂದರೆ, ಮರೆವು ಕಾಣಿಸಿಕೊಂಡಾಗ ಅದು ಯಾವ ಬಗೆಯದು, ಯಾಕೆ ಬಂತು ಎಂದು ಕೇಳುವುದನ್ನೇ ಬಿಟ್ಟಿದ್ದೇವೆ. ಮಂಡಿ ನೋವಿಗೆ ಎಕ್ಸ್‌ರೇ ತೆಗೆಸುತ್ತೇವೆ, ಕಣ್ಣು ಮಂಜಾದರೆ ಪೊರೆ ತೆಗೆಸುತ್ತೇವೆ, ನೆನಪು ಜಾರಿದರೆ ಮಾತ್ರ ವಯಸ್ಸಾಯಿತು ಎಂದು ಮುಗಿಸುತ್ತೇವೆ. ನನ್ನ ತಕರಾರು ಇರುವುದು ಇಲ್ಲಿ. ನಾನು ವೈದ್ಯನಲ್ಲ, ಕೌಂಟರಿನಲ್ಲಿ ಕಂಡದ್ದು ಅರ್ಥವಾಗಲಿಲ್ಲವೆಂಬ ಕಾರಣಕ್ಕೆ ಮೆದುಳಿನ ಬಗ್ಗೆ ಓದತೊಡಗಿದವನು.

ಮೊದಲು ಸಹಿಯ ವಿಷಯ. ಇವತ್ತು ಯಾವ ವಾರ ಎಂದು ತಿಳಿಯದ, ಬ್ಯಾಂಕಿಗೆ ಯಾಕೆ ಬಂದೆವೆಂಬುದನ್ನೂ ಮರೆತಿರುವ ಹಿರಿಯರ ಕೈಗೆ ಪೆನ್ನು ಕೊಟ್ಟು ನೋಡಿ. ಅಕ್ಷರಗಳ ಅದೇ ಬಾಗು, ಕೊನೆಯಲ್ಲಿ ಎಳೆಯುವ ಅದೇ ಗೆರೆ, ಕೆಳಗೆ ಅದೇ ಎರಡು ಚುಕ್ಕೆ. ಖಾತೆ ತೆರೆದ ದಿನದ ಮಾದರಿ ಸಹಿಯ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಾಣುವುದಿಲ್ಲ. ಇನ್ನು ಕೆಲವರು ತದ್ವಿರುದ್ಧ: ಮಾತು ಖಚಿತ, ಲೆಕ್ಕ ಪಕ್ಕಾ, ಆದರೆ ಸಹಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಾ ಸಾಸಿವೆಯಷ್ಟಾಗಿರುತ್ತದೆ. ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳಲ್ಲಿ ಅದೂ ಒಂದು ಎಂದು ನನಗೆ ತಿಳಿದದ್ದು ತಡವಾಗಿ. ಮೊದಲಿನವರಲ್ಲಿ ತಲೆಯ ನೆನಪು ಹೋದರೂ ಕೈಯ ನೆನಪು ಉಳಿಯುತ್ತದೆ. ಇದು ಹೇಗೆ ಸಾಧ್ಯ?

ಇದಕ್ಕೆ ಉತ್ತರ ಸಿಕ್ಕಿದ್ದು ಅಮೆರಿಕದ ಒಬ್ಬ ವ್ಯಕ್ತಿಯ ದುರದೃಷ್ಟದಿಂದ. ಹೆನ್ರಿ ಮೊಲೈಸನ್ ಎಂಬ ಯುವಕನಿಗೆ ತಡೆಯಲಾಗದಷ್ಟು ಮೂರ್ಛೆ ರೋಗವಿತ್ತು. 1953ರಲ್ಲಿ, ಅವನಿಗೆ 27 ವರ್ಷವಾಗಿದ್ದಾಗ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯ ಅವನ ಮೆದುಳಿನ ಎರಡೂ ಬದಿಗಳಿಂದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನೂ ಅದರ ಸುತ್ತಲಿನ ಒಂದಿಷ್ಟನ್ನೂ ತೆಗೆದ. ಮೂರ್ಛೆ ಹತೋಟಿಗೆ ಬಂತು. ಆದರೆ ಅಂದಿನಿಂದ ಹೊಸ ನೆನಪೊಂದೂ ಅವನಲ್ಲಿ ನಿಲ್ಲಲಿಲ್ಲ. ಊಟ ಮಾಡಿದ್ದು ಸ್ವಲ್ಪ ಹೊತ್ತಿಗೇ ಮರೆತುಹೋಗುತ್ತಿತ್ತು. ದಶಕಗಳ ಕಾಲ ತನ್ನನ್ನು ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಪ್ರತಿ ಸಲವೂ ಅವನಿಗೆ ಹೊಸಬರೇ. ಅವರು ಅವನಿಗೊಂದು ಕೆಲಸ ಕೊಟ್ಟರು: ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಚಿತ್ರದ ಅಂಚನ್ನು ಪೆನ್ಸಿಲಿನಿಂದ ತಿದ್ದಬೇಕು. ಮಾಡಿ ನೋಡಿದರೆ ಗೊತ್ತಾಗುತ್ತದೆ, ಕೈ ಎತ್ತೆತ್ತಲೋ ಹೋಗುತ್ತದೆ. ಹೆನ್ರಿ ದಿನದಿಂದ ದಿನಕ್ಕೆ ಅದರಲ್ಲಿ ಪಳಗಿದ; ಆದರೆ ಪ್ರತಿ ದಿನವೂ ಆ ಕೆಲಸವನ್ನು ಮೊದಲ ಸಲ ಮಾಡುತ್ತಿದ್ದೇನೆಂದೇ ನಂಬಿದ್ದ. ಕೈ ಕಲಿಯಿತು, ಕಲಿತದ್ದು ಅವನಿಗೆ ಗೊತ್ತಾಗಲಿಲ್ಲ. ನೆನಪೆಂಬುದು ಒಂದೇ ಕೋಣೆಯಲ್ಲಿಲ್ಲ, ನಡೆದದ್ದನ್ನು ನೆನೆಯುವ ವ್ಯವಸ್ಥೆಯೇ ಬೇರೆ, ಕೈಕಾಲು ರೂಢಿಸಿಕೊಳ್ಳುವ ವ್ಯವಸ್ಥೆಯೇ ಬೇರೆ ಎಂದು ಜಗತ್ತಿಗೆ ಮನವರಿಕೆಯಾದದ್ದು ಹೀಗೆ. ಅವನ ಪೂರ್ಣ ಹೆಸರು ಹೊರಬಂದದ್ದು 2008ರಲ್ಲಿ ಅವನು ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಪುಸ್ತಕಗಳಲ್ಲಿ ಅವನು ಬರೀ ಎಚ್.ಎಂ. ಮುಪ್ಪಿನಲ್ಲಿ ನೆನಪನ್ನು ಮೆಲ್ಲಗೆ ಅಳಿಸುವ ಆಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಕೈಹಾಕುವುದು ಇದೇ ಹಿಪ್ಪೊಕ್ಯಾಂಪಸ್ ಮತ್ತು ಅದರ ಆಸುಪಾಸಿಗೆ. ಹಾಗಾಗಿಯೇ ಬೆಳಗಿನ ತಿಂಡಿ ಮರೆತವರ ಕೈಯಲ್ಲಿ ಸಹಿ ಬಹುಕಾಲ ಉಳಿಯುತ್ತದೆ.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. "ಅಮ್ಮ ಹಳೆಯದೆಲ್ಲ ಚೆನ್ನಾಗಿ ಹೇಳುತ್ತಾರೆ, ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು ಎಂಬುದೂ ನೆನಪಿದೆ, ಅವರ ನೆನಪಿಗೇನೂ ಆಗಿಲ್ಲ" ಎಂದು ಸಮಾಧಾನ ಪಡುವವರನ್ನು ತುಂಬ ನೋಡಿದ್ದೇನೆ. ಹಳೆಯದು ನೆನಪಿರುವುದು ಭರವಸೆಯ ಗುರುತೇನೂ ಅಲ್ಲ. ನೋಡಬೇಕಾದದ್ದು ಹೊಸದು ನಿಲ್ಲುತ್ತಿದೆಯೇ ಎಂಬುದನ್ನು. ಪಾಸ್‌ಬುಕ್ಕನ್ನು ಮನೆಯಲ್ಲಿ ಬಿಟ್ಟು ಬರುವುದು ಎಲ್ಲರ ಮರೆವು. ಹಣ ತೆಗೆದುಕೊಂಡು ಹೋದವರು ಅರ್ಧ ಗಂಟೆಗೆಲ್ಲ ಮರಳಿ ಬಂದು ಅದೇ ಹಣ ಕೇಳುವುದು, ಕೊಟ್ಟಿದ್ದೇವೆಂದು ಚೀಟಿ ತೋರಿಸಿದರೆ ಸಹಿ ನನ್ನದಲ್ಲವೆಂದು ಜಗಳಕ್ಕೆ ನಿಲ್ಲುವುದು ಬೇರೆ. ಹೆಸರು ನಾಲಿಗೆಯ ತುದಿಯಲ್ಲಿ ನಿಂತು ಸಂಜೆ ಹೊತ್ತಿಗೆ ತಾನಾಗಿ ಬರುವುದು ಮೊದಲ ಬಗೆ. ನಲವತ್ತು ವರ್ಷ ನಡೆದ ದಾರಿಯಲ್ಲಿ ಮನೆಯ ತಿರುವು ತಪ್ಪುವುದು ಎರಡನೆಯ ಬಗೆ.

ಮೊದಲ ಬಗೆಯ ಮರೆವಿನ ಬಗ್ಗೆ ಸುಮ್ಮನೆ ಹೆದರುವವರು ಹೆಚ್ಚಾಗಿ ನನ್ನ ವಯಸ್ಸಿನ ಸಹೋದ್ಯೋಗಿಗಳು, ಇನ್ನೂ ಚಿಕ್ಕವರು ಕೂಡ. ಗ್ಯಾಸ್ ಆರಿಸಿದೆನೋ ಇಲ್ಲವೋ, ಬೀಗ ಹಾಕಿದೆನೋ ಇಲ್ಲವೋ, ಒಳಗಿನ ಕೋಣೆಗೆ ಯಾತಕ್ಕೆ ಬಂದೆ? ಇದರಲ್ಲಿ ಮುಕ್ಕಾಲು ಪಾಲು ಮರೆವೇ ಅಲ್ಲ. ಬೀಗ ಹಾಕುವಾಗ ಕಿವಿಯಲ್ಲಿ ಮೊಬೈಲ್ ಇತ್ತು; ನೆನಪಿನೊಳಗೆ ಹೋಗದೇ ಇದ್ದದ್ದು ಹೊರಗೆ ಬರುವುದಾದರೂ ಹೇಗೆ? ಅಷ್ಟಾವಧಾನ ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಶತಾವಧಾನಿ ಆರ್. ಗಣೇಶರ ಅವಧಾನಗಳಿಂದಾಗಿ ಕನ್ನಡದಲ್ಲಿ ಈ ಕಲೆಗೆ ಮರುಹುಟ್ಟು ಬಂತು ಎನ್ನಬಹುದು. ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಸುತ್ತ ಕುಳಿತಿರುತ್ತಾರೆ. ಒಬ್ಬರು ಪ್ರತಿ ಹೆಜ್ಜೆಗೂ ಇಂಥ ಅಕ್ಷರ ಬಳಸಬಾರದೆಂದು ನಿಷೇಧ ಹೇರುತ್ತಾರೆ, ಒಬ್ಬರು ಅಡ್ಡಾದಿಡ್ಡಿ ಸಮಸ್ಯೆ ಒಡ್ಡುತ್ತಾರೆ, ಒಬ್ಬರು ಸಂಬಂಧವೇ ಇಲ್ಲದ ನಾಲ್ಕು ಪದ ಕೊಟ್ಟು ಪದ್ಯ ಕಟ್ಟಿ ಎನ್ನುತ್ತಾರೆ. ಇವರೆಲ್ಲರ ನಡುವೆ ಅಪ್ರಸ್ತುತ ಪ್ರಸಂಗಿಯೊಬ್ಬರು ಬೇಕೆಂದೇ ತರಲೆ ಪ್ರಶ್ನೆ ಎಸೆಯುತ್ತಾರೆ. ಅವಧಾನಿ ಪ್ರತಿ ಸುತ್ತಿನಲ್ಲೂ ಒಂದೊಂದು ಸಾಲು ಕೊಟ್ಟು, ಕಾಗದ ಪೆನ್ನು ಮುಟ್ಟದೆ, ಕೊನೆಗೆ ಎಲ್ಲ ಪದ್ಯಗಳನ್ನೂ ಇಡಿಯಾಗಿ ಒಪ್ಪಿಸುತ್ತಾರೆ. ನಾವು ಚಪ್ಪಾಳೆ ತಟ್ಟುವುದು ಈ ಧಾರಣೆಗೆ, ಅಷ್ಟನ್ನೂ ನೆನಪಿನಲ್ಲಿ ಹಿಡಿದಿಡುವುದಕ್ಕೆ. ನನಗೆ ಅದಕ್ಕಿಂತ ಬೆರಗೆನಿಸುವುದು ತರಲೆ ಪ್ರಶ್ನೆಗೆ ನಗುತ್ತಾ ಉತ್ತರಿಸಿ ಮರುಕ್ಷಣ ಬಿಟ್ಟ ಸಾಲಿಗೇ ಮರಳುವ ರೀತಿ. ನಮ್ಮ ಜೇಬಿನಲ್ಲಿರುವ ಮೊಬೈಲು ದಿನವಿಡೀ ಅಪ್ರಸ್ತುತ ಪ್ರಸಂಗ ಮಾಡುತ್ತಿರುತ್ತದೆ, ನಾವು ಮಾತ್ರ ಬಿಟ್ಟ ಸಾಲಿಗೆ ಮರಳುವುದಿಲ್ಲ.

ಒಳಗೆ ಹೋದದ್ದೂ ನಿಲ್ಲಬೇಕಲ್ಲ. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಸ್ವಲ್ಪ ಕಾಲ ಬಿಟ್ಟು ಮತ್ತೆ ಕಲಿಯುವಾಗ ಎಷ್ಟು ಶ್ರಮ ಉಳಿಯುತ್ತದೆಂದು ಅಳೆದ. 1885ರಲ್ಲಿ ಅವನು ಪ್ರಕಟಿಸಿದ ಲೆಕ್ಕದ ಪ್ರಕಾರ ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚು ಸೋರಿಹೋಗುತ್ತದೆ. ಆಮೇಲೆ ಸೋರಿಕೆ ನಿಧಾನವಾಗಿ, ತಿಂಗಳಾದರೂ ಐದನೇ ಒಂದು ಭಾಗ ಉಳಿದಿರುತ್ತದೆ. ಸೋರಿಕೆ ತಡೆಯುವ ಬಗೆ ಯಾವುದು? ನಮ್ಮ ಮಕ್ಕಳು ಪರೀಕ್ಷೆಗೆ ಮುನ್ನ ಮಾಡುವಂತೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು ಮತ್ತೆ ಮತ್ತೆ ಓದುವುದಂತೂ ಅಲ್ಲ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನೋವಿಜ್ಞಾನಿಗಳು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ನಾಲ್ಕು ಸರದಿಯಲ್ಲಿ ಬರೀ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರರಲ್ಲಿ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಬರೀ ಓದಿದವರೇ ಮುಂದು. ಒಂದು ವಾರ ಕಳೆದ ಮೇಲೆ ಓದಿದವರಿಗೆ ನೆನಪಿದ್ದದ್ದು ಶೇ. 40, ಪುಸ್ತಕ ಮುಚ್ಚಿದವರಿಗೆ ಶೇ. 61. ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಮಗ್ಗಿ ಹೇಳಿಸುತ್ತಿದ್ದ ಹಳೆಯ ಕಾಲದ ಮನೆಗಳು ಇದನ್ನೇ ಮಾಡುತ್ತಿದ್ದವು. ಕಾಲು, ಅರ್ಧ, ಮುಕ್ಕಾಲು ಮಗ್ಗಿಯ ತನಕ ಹೇಳಬಲ್ಲವರು ನಮ್ಮ ಕೌಂಟರಿಗೆ ಈಗಲೂ ಬರುತ್ತಾರೆ. ನಾವು ಕಂಪ್ಯೂಟರಿನಲ್ಲಿ ಬಡ್ಡಿ ಲೆಕ್ಕ ಹಾಕುವ ಮೊದಲೇ ಮೊತ್ತ ಹೇಳಿ ಮೀಸೆಯಡಿಯಲ್ಲಿ ನಗುತ್ತಾರೆ.

ಆದರೆ ಬಾಯಿಪಾಠದ ಸಾಮರ್ಥ್ಯವೂ ಮೆದುಳಿನ ಆರೋಗ್ಯವೂ ಒಂದೇ ಎಂದುಕೊಂಡರೆ ಎಡವುತ್ತೇವೆ. ಲಂಡನ್ನಿನ ಟ್ಯಾಕ್ಸಿ ಚಾಲಕರ ಕಥೆ ಅನೇಕರು ಕೇಳಿರುತ್ತೀರಿ. ಅಲ್ಲಿ ಪರವಾನಗಿ ಪಡೆಯಲು ಸುಮಾರು 25 ಸಾವಿರ ಬೀದಿಗಳ ನಕ್ಷೆ ತಲೆಯಲ್ಲಿರಬೇಕು. ಅವರ ಹಿಪ್ಪೊಕ್ಯಾಂಪಸ್‌ನ ಹಿಂಭಾಗ ಬೇರೆಯವರಿಗಿಂತ ದೊಡ್ಡದಿದೆಯೆಂದು 2000ದಲ್ಲಿ ನರವಿಜ್ಞಾನಿ ಎಲಿನರ್ ಮಗ್ವಾಯರ್ ತೋರಿಸಿದರು. ಮೆದುಳೇ ಹಾಗಿದ್ದವರು ಚಾಲಕರಾದರೇನೋ ಎಂಬ ಅನುಮಾನ ಪರಿಹರಿಸಲು ತರಬೇತಿಗೆ ಸೇರಿದ 79 ಮಂದಿಯನ್ನು ಮೊದಲಿಂದಲೇ ಹಿಂಬಾಲಿಸಿದರು. ಪಾಸಾದ 39 ಮಂದಿಯಲ್ಲಿ ಮಾತ್ರ ಆ ಭಾಗ ಬೆಳೆದಿತ್ತು. ವಯಸ್ಕರ ಮೆದುಳೂ ಬೆಳೆಯಬಲ್ಲದೆಂದು ಸಂಭ್ರಮಿಸುವ ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ಅದೇ ಸಂಶೋಧನೆಯ ಇನ್ನೊಂದು ಭಾಗವನ್ನು ಹೇಳುವವರು ಕಡಿಮೆ: ಬೀದಿಗಳನ್ನು ಹೊರತುಪಡಿಸಿದ ಕೆಲವು ಹೊಸ ಚಿತ್ರಗಳನ್ನು ನೆನಪಿಡುವ ಪರೀಕ್ಷೆಯಲ್ಲಿ ಚಾಲಕರು ಬೇರೆಯವರಿಗಿಂತ ಹಿಂದಿದ್ದರು. ಯಾವುದನ್ನು ತಿದ್ದುತ್ತೇವೋ ಅದು ಮಾತ್ರ ಹರಿತವಾಗುತ್ತದೆ. ಮೊಬೈಲಿನ ಮೆದುಳು ಕಸರತ್ತಿನ ಆಟಗಳ ಬಗ್ಗೆ ನನಗೆ ಅಸಡ್ಡೆ ಇರುವುದು ಈ ಕಾರಣಕ್ಕೆ. ಆ ಆಟ ಆಡಿದರೆ ಆ ಆಟದಲ್ಲಿ ಜಾಣರಾಗುತ್ತೀರಿ. ಅಂಥ ಆಟಗಳಿಂದ ಮುಪ್ಪಿನ ಮರೆವು ತಡೆಯಬಹುದೆಂದು ಆಧಾರವಿಲ್ಲದೆ ಜಾಹೀರಾತು ಕೊಟ್ಟ ಆರೋಪದ ಮೇಲೆ ಲುಮೋಸಿಟಿ ಎಂಬ ಸೇವೆಯ ಮಾಲೀಕ ಕಂಪನಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು.

ಹಾಗಾದರೆ ಎಲ್ಲಿ ಕೈಹಾಕಬೇಕು? ನನ್ನ ಸೋದರತ್ತೆಯ ವಿಷಯ ಹೇಳುತ್ತೇನೆ. ಸಾಗರದ ಕಡೆಯ ಅಡಿಕೆ ತೋಟದ ಮನೆ. ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನ ಕಾಲದಲ್ಲಿ ಯಾವ ಕೊನೆಗೌಡ ಎಷ್ಟು ಕೊನೆ ಇಳಿಸಿದ, ಯಾರಿಗೆ ಎಷ್ಟು ಮುಂಗಡ ಹೋಗಿದೆ ಎಂಬುದೆಲ್ಲ ಅತ್ತೆಯ ಬಾಯಲ್ಲೇ ಇರುತ್ತಿತ್ತು. ಮಾವನ ಲೆಕ್ಕದ ಪುಸ್ತಕ ನಂತರದ್ದು. ಎಪ್ಪತ್ತೆರಡು ಎಪ್ಪತ್ತಮೂರರ ಹೊತ್ತಿಗೆ ಅವರು ಮಂಕಾದರು. ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ, ಹೇಳಿದ್ದು ನೆನಪಿಲ್ಲ, ನೆಂಟರು ಬಂದರೆ ಒಳಗಿನ ಕೋಣೆಯಲ್ಲೇ ಕುಳಿತುಬಿಡುವುದು. ಮನೆಯವರ ತೀರ್ಮಾನ ಅದೇ ಗಾದೆ. ಊರಿನ ಚಿಕಿತ್ಸೆ, ನೆನಪಿಗೆ ಒಳ್ಳೆಯದೆನ್ನುವ ಒಂದೆಲಗದ ತಂಬುಳಿ. ಒಂದೆಲಗದ ತಂಬುಳಿ ನನಗೂ ಪ್ರಾಣ. ತೆಂಗಿನಕಾಯಿ, ಜೀರಿಗೆ, ಹುಳಿ ಮಜ್ಜಿಗೆಯೊಂದಿಗೆ ಬೇಸಿಗೆಯ ಮಧ್ಯಾಹ್ನ ಅದಕ್ಕಿಂತ ಬೇರೆ ಬೇಡ. ಆದರೆ ತಂಬುಳಿ ಉಣ್ಣಿಸಿ ಕೂತರೆ ರಕ್ತಪರೀಕ್ಷೆ ತಪ್ಪುತ್ತದೆ.

ಅತ್ತೆಯ ಮಗಳು ಹಠ ಹಿಡಿದು ಶಿವಮೊಗ್ಗಕ್ಕೆ ಕರೆದುಕೊಂಡು ಹೋದ ಮೇಲೆ ಗೊತ್ತಾದದ್ದು ಎರಡು. ಬಿ12 ಜೀವಸತ್ವ ತೀರ ಕಡಿಮೆ ಇತ್ತು, ಎರಡೂ ಕಿವಿಯ ಕೇಳುವ ಶಕ್ತಿ ಸಾಕಷ್ಟು ಇಳಿದಿತ್ತು. ಬಿ12 ಸ್ವಾಭಾವಿಕವಾಗಿ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ಸಸ್ಯಾಹಾರಿ ಮನೆಗಳಲ್ಲಿ ಹಾಲು ಮೊಸರಷ್ಟೇ ಗತಿ. ಅದೂ ವಯಸ್ಸಾದ ಮೇಲೆ ಊಟದಿಂದ ಅದನ್ನು ಹೀರಿಕೊಳ್ಳುವ ಶಕ್ತಿ ಹೊಟ್ಟೆಗೆ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ನುಂಗುವ ಮೆಟ್‌ಫಾರ್ಮಿನ್ ಕೂಡ ಅದನ್ನು ತಗ್ಗಿಸಬಹುದು. ಕೊರತೆ ಹೆಚ್ಚಾದರೆ ಕಾಲು ಜೋಮು ಹಿಡಿಯುವುದು, ಮಂಕು, ಮರೆವು ಎಲ್ಲ ಬರುತ್ತವೆ. ಥೈರಾಯ್ಡ್ ಸೋಮಾರಿಯಾದರೂ, ಖಿನ್ನತೆ ಕವಿದರೂ, ಕೆಲವು ನಿದ್ದೆ ಮಾತ್ರೆಗಳನ್ನು ದಿನವೂ ನುಂಗಿದರೂ ಹೀಗೆಯೇ. ಇವೆಲ್ಲ ಡಿಮೆನ್ಷಿಯಾದ, ಅಂದರೆ ಆಲ್ಝೈಮರ್‌ನಂಥ ಕಾಯಿಲೆಗಳಿಂದ ಬರುವ ಬುದ್ಧಿಭ್ರಮಣೆಯ ವೇಷದಲ್ಲಿ ಬರುವ ಬೇರೆ ಕಾಯಿಲೆಗಳು, ಸರಳ ಪರೀಕ್ಷೆಗಳಲ್ಲಿ ಸಿಕ್ಕಿಬೀಳುವಂಥವು. ಅತ್ತೆಗೆ ಚುಚ್ಚುಮದ್ದು ಕೊಟ್ಟರು, ಕಿವಿಗೆ ಯಂತ್ರ ಹಾಕಿಸಿದರು. ಕೆಲವು ತಿಂಗಳಲ್ಲಿ ಅರ್ಧ ಜೀವ ಬಂತು. ಪೂರ್ತಿ ಮೊದಲಿನಂತಾಗಲಿಲ್ಲ ಎಂಬುದನ್ನೂ ಹೇಳಬೇಕು. ಹೊಸ ಹೆಸರುಗಳು ಈಗಲೂ ನಿಲ್ಲುವುದಿಲ್ಲ. ಆದರೆ ಮೊಮ್ಮಕ್ಕಳ ಜೊತೆ ಚೌಕಾಬಾರ ಆಡುವಾಗ ಯಾರ ಕಾಯಿ ಯಾವ ಮನೆಯಲ್ಲಿತ್ತು ಎಂದು ಕದಿಯುವವರ ಕೈ ಹಿಡಿಯುವಷ್ಟು ಚುರುಕು ಮರಳಿದೆ.

ಕಿವಿಯ ವಿಷಯ ನನಗೆ ಕೌಂಟರಿನಲ್ಲೇ ಹೊಳೆಯಬೇಕಿತ್ತೇನೋ. ಗಾಜಿನ ಆಚೆಯಿಂದ ನಾವು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹೋದವರು ಮರುದಿನ ಬಂದು ಅದನ್ನೇ ಕೇಳಿದರೆ ಮರೆವು ಎನ್ನುತ್ತಿದ್ದೆವು. ಕೇಳಿಸದ್ದನ್ನು ಮರೆಯುವುದು ಹೇಗೆ? ಕಿವಿ ಮಂದವಾದವರ ಮೆದುಳು ಅರ್ಧಂಬರ್ಧ ಕೇಳಿದ್ದನ್ನು ಜೋಡಿಸುವುದರಲ್ಲೇ ದಣಿಯುತ್ತದೆ. ಮಾತಿನ ನಡುವೆ ಪೇಚಿಗೆ ಸಿಲುಕುವುದು ಬೇಡವೆಂದು ಅವರು ಮದುವೆ ಮುಂಜಿಗೆ ಹೋಗುವುದನ್ನೇ ಬಿಡುತ್ತಾರೆ, ಒಂಟಿಯಾಗುತ್ತಾರೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಕೊಟ್ಟ ವರದಿ, ಬುದ್ಧಿಭ್ರಮಣೆಗೆ ದಾರಿಮಾಡುವ, ಆದರೆ ನಾವು ಬದಲಿಸಬಹುದಾದ 14 ಕಾರಣಗಳನ್ನು ಹೆಸರಿಸಿದೆ. ಎಲ್ಲವನ್ನೂ ಸರಿಪಡಿಸಿದರೆ ಜಗತ್ತಿನ ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂಬುದು ಅದರ ಅಂದಾಜು. ನಡುವಯಸ್ಸಿನ ಕಿವುಡು ಆ ಪಟ್ಟಿಯ ದೊಡ್ಡ ಕಾರಣಗಳಲ್ಲಿ ಒಂದು. ಕಿವಿಯಂತ್ರ ಹಾಕಿದರೆ ಎಲ್ಲರಿಗೂ ಲಾಭವೆಂದು ಹೇಳಲಾಗದು: 2023ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮೂರು ವರ್ಷಗಳಲ್ಲಿ ಬುದ್ಧಿಯ ಇಳಿತ ಶೇ. 48ರಷ್ಟು ಕಡಿಮೆಯಾಗಿತ್ತು. ಕನ್ನಡಕ ಹಾಕಲು ನಾಚದ ನಾವು ಕಿವಿಯಂತ್ರಕ್ಕೆ ಯಾಕೆ ನಾಚುತ್ತೇವೋ ತಿಳಿಯದು. ಬೆಲೆಯ ಮಾತು ಬೇರೆ. ಅದು ನಿಜಕ್ಕೂ ದುಬಾರಿ.

ಆ ಪಟ್ಟಿಯ ಉಳಿದ ಹೆಸರುಗಳಲ್ಲಿ ಹೆಚ್ಚಿನವು ಬೇಸರ ಬರಿಸುವಷ್ಟು ಪರಿಚಿತ: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಬ್ಬು, ಬೊಜ್ಜು, ಬೀಡಿ ಸಿಗರೇಟು, ಮದ್ಯ, ಕೂತಲ್ಲೇ ಕೂರುವುದು, ಕೆಟ್ಟ ಗಾಳಿ, ತಲೆಗೆ ಬೀಳುವ ಪೆಟ್ಟು. ಹೃದಯದ ವೈದ್ಯರು ಹೇಳುವುದನ್ನೇ ಮೆದುಳಿನವರೂ ಹೇಳುತ್ತಾರೆ. ದೇಹದ ತೂಕದಲ್ಲಿ ಶೇ. 2ರಷ್ಟೇ ಇರುವ ಮೆದುಳು ದೇಹದ ಶಕ್ತಿಯಲ್ಲಿ ಶೇ. 20ರಷ್ಟನ್ನು ಬಳಸುತ್ತದೆ, ಅಷ್ಟನ್ನೂ ಹೊತ್ತು ತರುವುದು ರಕ್ತನಾಳಗಳು. ನಾಳ ಕೆಟ್ಟರೆ ಮೆದುಳು ಕೆಡದೆ ಇರುತ್ತದೆಯೇ? ಸಂಕೋಚನದ ಒತ್ತಡವನ್ನು, ಅಂದರೆ ರಕ್ತದೊತ್ತಡದ ಮೇಲಿನ ಅಂಕಿಯನ್ನು, 120ಕ್ಕಿಂತ ಕೆಳಗೆ ಇಳಿಸಲು ಯತ್ನಿಸಿದವರಲ್ಲಿ, 140ಕ್ಕೆ ತೃಪ್ತರಾದವರಿಗಿಂತ, ಬುದ್ಧಿಶಕ್ತಿಯ ಸೌಮ್ಯ ಕುಸಿತ ಶೇ. 19ರಷ್ಟು ಕಡಿಮೆ ಎಂದು 2019ರಲ್ಲಿ ಪ್ರಕಟವಾದ, ಒಂಬತ್ತು ಸಾವಿರಕ್ಕೂ ಹೆಚ್ಚು ಮಂದಿಯ ಪ್ರಯೋಗವೊಂದು ತೋರಿಸಿತು. ನಡಿಗೆಯ ಬಗ್ಗೆ 2011ರ ಇನ್ನೊಂದು ಪ್ರಯೋಗವಿದೆ. ವಾರಕ್ಕೆ ಮೂರು ದಿನ, ದಿನಕ್ಕೆ 40 ನಿಮಿಷದಂತೆ ವರ್ಷವಿಡೀ ಬಿರುಸಾಗಿ ನಡೆದ ಹಿರಿಯರ ಹಿಪ್ಪೊಕ್ಯಾಂಪಸ್ ಶೇ. 2ರಷ್ಟು ಹಿಗ್ಗಿತು, ಕೇವಲ ಮೈ ಸಡಿಲಿಸುವ ವ್ಯಾಯಾಮ ಮಾಡಿದವರದ್ದು ಕುಗ್ಗಿತು. ನಿದ್ದೆಯನ್ನೂ ಸೇರಿಸಿಕೊಳ್ಳಿ. ಹಗಲು ಕಲಿತದ್ದು ಗಟ್ಟಿಯಾಗುವುದು ರಾತ್ರಿಯ ಗಾಢ ನಿದ್ದೆಯಲ್ಲಿ. ಗೊರಕೆಯ ನಡುವೆ ಉಸಿರು ಕಟ್ಟಿ ಬೆಚ್ಚಿ ಏಳುವವರು ಅದನ್ನು ನಗೆಚಾಟಿಕೆಯಾಗಿಸದೆ ಒಮ್ಮೆ ತೋರಿಸುವುದು ಒಳ್ಳೆಯದು. ತಲೆಯ ಪೆಟ್ಟಿನ ಬಗ್ಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ನೆನಪಿನ ಶಕ್ತಿಗೆ ಟಾನಿಕ್ ಕೊಳ್ಳಲು ದ್ವಿಚಕ್ರ ವಾಹನದಲ್ಲಿ ಬರೀ ತಲೆಯಲ್ಲಿ ಹೊರಡುವವರನ್ನು ಕಂಡರೆ ನಗಬೇಕೋ ಅಳಬೇಕೋ ತಿಳಿಯದು. ಐಎಸ್‌ಐ ಗುರುತಿನ ಹೆಲ್ಮೆಟ್‌ಗಿಂತ ಅಗ್ಗದ ಮೆದುಳು ಟಾನಿಕ್ ನನಗೆ ಗೊತ್ತಿಲ್ಲ.

ಈ ಕಾರಣಗಳಲ್ಲಿ ಹೆಚ್ಚಿನವು ಕೆಲಸ ಶುರು ಮಾಡುವುದು ನಲವತ್ತು ಐವತ್ತರಲ್ಲಿ. ಆಲ್ಝೈಮರ್‌ನ ಮೊದಲ ಬದಲಾವಣೆಗಳು ಮೆದುಳಿನಲ್ಲಿ ಕಾಣಿಸಿಕೊಳ್ಳುವುದೂ ಮರೆವು ಕಾಣಿಸಿಕೊಳ್ಳುವ ಹತ್ತಿಪ್ಪತ್ತು ವರ್ಷ ಮೊದಲು. ಹಾಗಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ಹಮ್ಮಿಕೊಂಡಿದ್ದಾರೆ. ಈವರೆಗಿನ ತಿಳಿವಳಿಕೆಯಲ್ಲಿ ಬಹುಪಾಲು ಯುರೋಪು, ಅಮೆರಿಕದ ಓದಿದ ಜನರಿಂದ ಬಂದದ್ದು. ಮಾವಿನ ತೋಟದಲ್ಲಿ ದುಡಿಯುವ, ಶಾಲೆಯ ಮುಖ ಕಾಣದವರ ಮೆದುಳು ಹೇಗೆ ಮಾಗುತ್ತದೆಂದು ತಿಳಿಯಲು ಇಂಥದ್ದು ಬೇಕೇ ಬೇಕು. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಬುದ್ಧಿಭ್ರಮಣೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಅಂದರೆ ಗಾದೆ ಹೇಳಿ ಒಳಕೋಣೆಗೆ ಕಳಿಸಲು ಅತಿ ಸುಲಭವಾದವರಲ್ಲೇ.

ಓದು ಬಾರದವರ ಪಾಲಿಗೆ ಒಂದು ಒಳ್ಳೆಯ ಸುದ್ದಿಯೂ ನಮ್ಮ ನೆಲದಿಂದಲೇ ಬಂತು. ಸುವರ್ಣಾ ಅಲ್ಲಾಡಿ ಎಂಬ ನರರೋಗ ತಜ್ಞೆ, ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕಿ, ಹೈದರಾಬಾದಿನಲ್ಲಿದ್ದಾಗ 648 ಬುದ್ಧಿಭ್ರಮಣೆ ರೋಗಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಫಲಿತಾಂಶ ಜಗತ್ತಿನ ಗಮನ ಸೆಳೆಯಿತು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೆ ಹೋಗದವರಲ್ಲೂ ಆ ಅಂತರ ಇತ್ತು. ಬೇರೆ ದೇಶಗಳಲ್ಲಿ ಎರಡು ಭಾಷೆ ಬಲ್ಲವರು ಹೆಚ್ಚಾಗಿ ವಲಸೆ ಬಂದವರಾದ್ದರಿಂದ ಇದು ಭಾಷೆಯ ಫಲವೋ ವಲಸೆಯ ಫಲವೋ ಎಂದು ಬಿಡಿಸುವುದು ಕಷ್ಟ. ಹೈದರಾಬಾದಿನಲ್ಲಿ ತೆಲುಗು, ಉರ್ದು, ಹಿಂದಿ ಬೀದಿಯಲ್ಲೇ ಸಿಗುತ್ತವೆ. ನಮ್ಮಲ್ಲೂ ಅಷ್ಟೇ. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಕನ್ನಡ, ಪಕ್ಕದ ಅಂಗಡಿಯವರೊಡನೆ ಉರ್ದು ಆಡುವ ಮೀನು ಮಾರುವ ಹೆಂಗಸು ದಿನಕ್ಕೆ ಎಷ್ಟೋ ಸಲ ಭಾಷೆ ಬದಲಿಸುತ್ತಾಳೆ. ಪ್ರತಿ ಸಲವೂ ಒಂದನ್ನು ಅದುಮಿ ಇನ್ನೊಂದನ್ನು ಎತ್ತುವ ಕೆಲಸ ಮೆದುಳಿಗೆ. ಇದು ಕಾಯಿಲೆಯನ್ನು ತಡೆಯುತ್ತದೆಂದಲ್ಲ, ಬಂದರೂ ಮೆದುಳು ಹೆಚ್ಚು ಕಾಲ ತಾಳಿಕೊಳ್ಳುತ್ತದೆಂದು ತಜ್ಞರು ಅರ್ಥೈಸುತ್ತಾರೆ. ಮೊಮ್ಮಕ್ಕಳು ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಲಿ ಎನ್ನುವವರು ಇದನ್ನೊಮ್ಮೆ ಓದಬಹುದು.

ಇನ್ನು ಕೌಂಟರಿನವನಾಗಿ ಹೇಳಲೇಬೇಕಾದ ಮಾತು. ಮರೆವಿನ ಕಾಯಿಲೆ ಎಷ್ಟೋ ಮನೆಗಳಲ್ಲಿ ಮೊದಲು ಕಾಣಿಸಿಕೊಳ್ಳುವುದು ಹಣದ ವ್ಯವಹಾರದಲ್ಲಿ. ಅಮೆರಿಕದಲ್ಲಿ 80 ಸಾವಿರಕ್ಕೂ ಹೆಚ್ಚು ಹಿರಿಯರ ಸಾಲದ ದಾಖಲೆಗಳನ್ನು ಅವರ ಆಸ್ಪತ್ರೆ ದಾಖಲೆಗಳೊಂದಿಗೆ ಹೋಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಬುದ್ಧಿಭ್ರಮಣೆ ಎಂದು ವೈದ್ಯರು ಹೇಳುವ ಆರು ವರ್ಷ ಮೊದಲಿನಿಂದಲೇ ಕೆಲವರ ಕಂತುಗಳು ತಪ್ಪತೊಡಗಿರುತ್ತವೆ. ನನಗೆ ಇದು ಹೊಸದೆನಿಸಲಿಲ್ಲ. ಒಂದೇ ವಿದ್ಯುತ್ ಬಿಲ್ಲನ್ನು ಎರಡು ಸಲ ಕಟ್ಟುವುದು, ಠೇವಣಿ ರಸೀದಿ ಕಳೆದಿದೆಯೆಂದು ಪದೇ ಪದೇ ನಕಲು ಕೇಳುವುದು, ಚೆಕ್ಕಿನಲ್ಲಿ ಅಂಕಿ ಸರಿಯಿದ್ದು ಅಕ್ಷರದಲ್ಲಿ ತಪ್ಪುವುದು, ಎಂದೂ ಯಾರಿಗೂ ಹತ್ತು ರೂಪಾಯಿ ಬಿಡದ ಮನುಷ್ಯ ಇದ್ದಕ್ಕಿದ್ದಂತೆ ಫೋನಿನಲ್ಲಿ ಕೇಳಿದವರಿಗೆಲ್ಲ ಒಟಿಪಿ ಹೇಳುವುದು. ಇಂಥದ್ದು ಕಂಡರೆ ಬೈಯುವ ಮೊದಲು ವೈದ್ಯರ ಬಳಿ ಕರೆದುಕೊಂಡು ಹೋಗಿ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮವನ್ನು ಶುರು ಮಾಡಿದವು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲಾ ಆಸ್ಪತ್ರೆಗಳಲ್ಲಿ ಮತ್ತು ಬೆಂಗಳೂರಿನ ಜಯನಗರದಲ್ಲಿ ಮೊದಲಾದ ಮೆದುಳು ಆರೋಗ್ಯ ಚಿಕಿತ್ಸಾಲಯಗಳು ನಂತರ ಬೇರೆ ಜಿಲ್ಲೆಗಳಿಗೂ ಬಂದವು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಕಾಗದಪತ್ರಗಳ ಕೆಲಸವನ್ನೂ ಮುಂದೂಡಬೇಡಿ. ಬಹಳ ಕುಟುಂಬಗಳು ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಬರೆಸಿಕೊಂಡಿದ್ದೇವೆಂದು ನಿಶ್ಚಿಂತೆಯಿಂದಿರುತ್ತವೆ. ಬರೆದುಕೊಟ್ಟವರ ಬುದ್ಧಿಸ್ಥಿಮಿತ ಹೋದರೆ ನಮ್ಮ ಕರಾರು ಕಾನೂನಿನ ಪ್ರಕಾರ ಆ ಅಧಿಕಾರವೂ ಹೋಗುತ್ತದೆ, ಅಂದರೆ ಯಾವಾಗ ನಿಜಕ್ಕೂ ಬೇಕೋ ಆಗಲೇ ಅದು ನಿರುಪಯೋಗಿ. ಕೈ ನಡುಗಿ ಸಹಿ ಹಾಕಲಾಗದವರ ಹೆಬ್ಬೆರಳಿನ ಗುರುತನ್ನೋ ಕಾಲ್ಬೆರಳಿನ ಗುರುತನ್ನೋ ಸಾಕ್ಷಿಗಳ ಎದುರು ಪಡೆಯಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ದಾರಿಯಿದೆ. ಆದರೆ ಹಣ ಯಾತಕ್ಕೆ ತೆಗೆಯುತ್ತಿದ್ದೇನೆಂದು ತಿಳಿಯದವರಿಂದ ಬೆರಳು ಒತ್ತಿಸಲು ಯಾವ ಅಧಿಕಾರಿಯೂ ಒಪ್ಪಬಾರದು. ಆಮೇಲೆ ಉಳಿಯುವುದು ನ್ಯಾಯಾಲಯದಿಂದ ಪಾಲಕರನ್ನು ನೇಮಿಸಿಕೊಳ್ಳುವ ಉದ್ದ ದಾರಿ. ತಲೆ ನೆಟ್ಟಗಿರುವಾಗಲೇ ಖಾತೆಯನ್ನು ನಂಬಿಕಸ್ಥರೊಂದಿಗೆ ಜಂಟಿ ಮಾಡಿಸಿ, ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹರಿಸಬಹುದೆಂದು ಬರೆಸಿ. ನಾಮಿನಿ ಹೆಸರು ಹಳೆಯದಾಗಿದ್ದರೆ ಬದಲಿಸಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರ ತನಕ ನಾಮಿನಿಗಳನ್ನು ಹೆಸರಿಸಬಹುದು. ಮಕ್ಕಳಿಗೆ ಇದನ್ನು ಕೇಳಲು ಸಂಕೋಚ, ಕೇಳಿದರೆ ಆಸ್ತಿಯ ಮೇಲೆ ಕಣ್ಣು ಎಂಬ ಮಾತು ಬರುತ್ತದೆ. ಆದ್ದರಿಂದ ಹಿರಿಯರೇ ಮೊದಲು ಮಾತೆತ್ತಬೇಕು. ಪಾಸ್‌ಬುಕ್, ಆಧಾರ್, ಎರಡು ಫೋಟೊ ತಂದರೆ ಒಂದೇ ಬೆಳಗ್ಗೆ ಮುಗಿಯುವ ಕೆಲಸವಿದು.